ಮೇಜಿನ ಮೇಲೆ ಕಾಣದ ಸುಕ್ಕು

ಇಸ್ತ್ರಿ ಕೋಣೆಯಲ್ಲಿ ಹೆಂಗಸೊಬ್ಬಳು ತಲೆ ತಿರುಗಿ ಬಿದ್ದರೆ ಯಾರೂ ಕಿರುಚುವುದಿಲ್ಲ. ಮೊದಲು ಕಾದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಆಮೇಲೆ ಹೆಂಗಸನ್ನು ಎತ್ತುತ್ತಾರೆ. ಬಟ್ಟೆ ಸುಟ್ಟರೆ ಜವಾಬು ಕೊಡಬೇಕು, ಹೆಂಗಸು ತಾನಾಗಿ ಏಳುತ್ತಾಳೆ.

ಅದೊಂದು ಲಾಂಡ್ರಿ. ವಸತಿಗೃಹಗಳ ಹಾಸುಬಟ್ಟೆ, ದಿಂಬಿನ ಗವಸು, ಪರದೆಗಳು ಗಂಟುಗಂಟಾಗಿ ಬಂದು ಒಗೆಸಿಕೊಂಡು, ಗಂಜಿ ಕುಡಿದು, ಹದವಾಗಿ ಒಣಗಿ ಈ ಕೋಣೆಗೆ ಬರುತ್ತವೆ. ಉದ್ದನೆಯ ಮೇಜು. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಳೆಯ ಬಿಳಿ ಬಟ್ಟೆ. ಗೋಡೆಯ ಆಚೆ ಬಾಯ್ಲರು. ಮೇಜಿನ ತಲೆಯ ಕಡೆ ನಿಲ್ಲುವವಳು ಎಲ್ಲರಿಗಿಂತ ಹಿರಿಯಳು. ಅವಳನ್ನು ಎಲ್ಲರೂ ಮೇಜಿನಮ್ಮ ಎನ್ನುತ್ತಾರೆ. ಎದುರು ತುದಿಯಲ್ಲಿ ನಿಲ್ಲುವವಳು ಅವಳ ಸೊಸೆ. ಅತ್ತೆ ಸೊಸೆ ಎರಡು ತುದಿ ಹಿಡಿದು ಒಮ್ಮೆ ಜಗ್ಗಿದರೆ ಶೀಟು ಪಟ್ಟೆಂದು ಸದ್ದು ಮಾಡಿ ನೇರವಾಗುತ್ತದೆ. ಆ ಜೋಡಿಗೆ ಕೋಣೆಯಲ್ಲಿ ಹೆಸರಿತ್ತು.

ಮೇಜಿನಮ್ಮನದು ಒಂದು ಕಟ್ಟಳೆ. ಇಸ್ತ್ರಿಯಾದ ಬಟ್ಟೆಯನ್ನು ಮೇಜಿನ ಮೇಲೆ ನೋಡಿ ಅವಳು ಒಪ್ಪುವುದಿಲ್ಲ. ಕಿಟಕಿಯ ಪಕ್ಕದ ಹಗ್ಗಕ್ಕೆ ನೇತುಹಾಕಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಪಾಠ.

“ಮೇಜಿನ ಮೇಲೆ ಎಲ್ಲಾ ಬಟ್ಟೇನೂ ಸಾಧುವೇ ಕಣೇ. ಮಲಗಿರೋ ಬಟ್ಟೆ ಸುಳ್ಳು ಹೇಳುತ್ತೆ. ನೇತುಹಾಕು, ಆಗ ನೋಡು ಅದರ ಬಣ್ಣ.”

ಸೊಸೆ ಬಿದ್ದದ್ದು ಅಂಥ ಒಂದು ಶೀಟನ್ನು ಜಗ್ಗುವಾಗ. ಮೊದಲು ಅವಳ ತುದಿ ಸಡಿಲವಾಯಿತು. ಮುಖ ಬಿಳಿಚಿತು. “ಅತ್ತೆ, ಕಣ್ಣು...” ಎಂದಳು. ಮೇಜಿನಮ್ಮ ಬಟ್ಟೆ ಬಿಟ್ಟು ಓಡಿ ಬರುವಷ್ಟರಲ್ಲಿ ಅವಳು ಕುಸಿದಿದ್ದಳು. ಬೀಳುವಾಗ ಮಣಿಕಟ್ಟು ಪೆಟ್ಟಿಗೆಗೆ ತಾಗಿ ಉದ್ದಕ್ಕೆ ಸುಟ್ಟಿತ್ತು.

ಮೇಜಿನಮ್ಮ ಅವಳನ್ನು ಒಗೆಯದ ಬಟ್ಟೆಯ ಗಂಟುಗಳ ಮೇಲೆ ಮಲಗಿಸಿದಳು. ಸೆರಗಿನಿಂದ ಗಾಳಿ ಹಾಕಿದಳು. ಸ್ವಲ್ಪ ಹೊತ್ತಿಗೆ ಸೊಸೆಯ ಮುಖಕ್ಕೆ ಬಣ್ಣ ಬಂತು.

“ಬಂತಲ್ಲ ಜೀವ,” ಎಂದಳು ಬಟ್ಟೆ ಮಡಚುವವಳು. “ನಿನ್ನ ಸೊಸೆ ಮೇಣದ ಬೊಂಬೆ ಕಣಕ್ಕಾ. ಬಿಸಿ ತಾಗಿದರೆ ಕರಗ್ತಾಳೆ, ಮಲಗಿಸಿದರೆ ಗಟ್ಟಿ ಆಗ್ತಾಳೆ.”

“ನಿನ್ನ ಬಾಯಿಗೂ ಒಂದು ಸಲ ಇಸ್ತ್ರಿ ಹಾಕ್ತೀನಿ ಇರು,” ಎಂದಳು ಮೇಜಿನಮ್ಮ.

ಅಷ್ಟರಲ್ಲಿ ಲಾಂಡ್ರಿ ಮಾಲೀಕ ಬಾಗಿಲಿಗೆ ಬಂದಿದ್ದ. ಒಳಗೆ ಕಾಲಿಡಲಿಲ್ಲ. “ಇದೇ ಕೊನೆ,” ಎಂದ. “ನಾಳೆ ಮುಖ ಸುಟ್ಕೊಂಡ್ರೆ ನನ್ನ ತಲೆಗೆ ಬರುತ್ತೆ. ವಾಸಿ ಮಾಡಿಸ್ಕೊಂಡು ಬರಲಿ. ಇಲ್ಲಾಂದ್ರೆ ಬರೋದೇ ಬೇಡ.”

ವಾಸಿ ಮಾಡಿಸುವ ಪ್ರಯತ್ನ ಸಾಕಷ್ಟು ನಡೆದಿತ್ತು. ರಕ್ತಹೀನತೆ ಇದೆಯೇ ಎಂದು ನೋಡಿಸಿದ್ದರು, ಇರಲಿಲ್ಲ. ಥೈರಾಯ್ಡ್ ನೋಡಿಸಿದ್ದರು, ಸರಿ ಇತ್ತು. ಸಕ್ಕರೆಯೂ ಸರಿ ಇತ್ತು. ಹೃದಯದ ಇಸಿಜಿ ತೆಗೆಸಿದ್ದರು, ಅದೂ ಸರಿ. ಎಲ್ಲವೂ ಸರಿ ಇದೆ ಎಂದಾಗ ಮನೆಗೆ ಸಮಾಧಾನವಾಗಬೇಕಿತ್ತು. ಆದರೆ ಎದೆ ಡವಡವ ಅನ್ನುತ್ತಿತ್ತು, ಸ್ನಾನಕ್ಕೆ ನಿಂತರೆ ಕಣ್ಣು ಕತ್ತಲಾಗುತ್ತಿತ್ತು, ಮಗಳ ಶಾಲೆಯ ಬಾಗಿಲಲ್ಲಿ ಕಾಯುತ್ತ ನಿಂತರೆ ಕೈಕಾಲು ನಡುಗುತ್ತಿತ್ತು. ನೆನಪು ಮಂಕಾಗುತ್ತಿತ್ತು. ಕೆಲವು ದಿನ ಚೆನ್ನಾಗಿದ್ದಳು. ಕೆಲವು ದಿನ ಹಾಸಿಗೆಯಿಂದ ಏಳಲಿಲ್ಲ. ಚೆನ್ನಾಗಿದ್ದ ದಿನಗಳೇ ಅವಳ ಮೇಲೆ ಸಾಕ್ಷಿ ಹೇಳಿದವು: ನಿನ್ನೆ ನಗ್ತಾ ಇದ್ದಳಲ್ಲ, ಇವತ್ತೇನು?

ಮುಟ್ಟಿಗೆ ಮುಂಚಿನ ದಿನಗಳಲ್ಲಿ ಇದೆಲ್ಲ ಹೆಚ್ಚಾಗುತ್ತದೆ ಎಂದು ಸೊಸೆಯೇ ಗಮನಿಸಿದ್ದಳು. ಅತ್ತೆಗೂ ಹೇಳಿದ್ದಳು. ಅಲ್ಲಿಂದ ಆ ಮನೆಯಲ್ಲಿ ಹಾರ್ಮೋನ್ ಎಂಬ ಮಾತು ಒಬ್ಬ ನೆಂಟನ ಹಾಗೆ ಬಂದು ಕೂತಿತು. ಮೊಬೈಲಿನಲ್ಲಿ ಹಾರ್ಮೋನಿನ ವಿಡಿಯೋ. ಡಬ್ಬಿಯಲ್ಲಿ ಹಾರ್ಮೋನ್ ಸರಿಪಡಿಸುವ ಪುಡಿ. ಮೇಜಿನಮ್ಮನ ಮಗ ಲಾಂಡ್ರಿಯ ಗಾಡಿ ಓಡಿಸುವವನು. ಅವನು ವಸತಿಗೃಹದ ಯಾರೋ ಹೇಳಿದರೆಂದು ಮಾತ್ರೆಯನ್ನೂ ತಂದ. ಅದನ್ನು ನುಂಗಿ ಅವಳಿಗೆ ವಾಂತಿಯಾಯಿತು. ಕೊನೆಗೆ ಒಂದು ನರ್ಸಿಂಗ್ ಹೋಮಿನಲ್ಲಿ, “ಇಷ್ಟು ಕಷ್ಟ ಪಡೋದ್ಯಾಕೆ? ಮಗಳು ಹುಟ್ಟಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ,” ಎಂದರು. ಬರುವ ವಾರ ಬನ್ನಿ ಎಂದರು.

ಮೇಜಿನಮ್ಮ ಒಪ್ಪಿದಳು. “ನಾನು ತೆಗೆಸಿಲ್ವಾ? ಕಲ್ಲುಗುಂಡಿನ ಹಾಗಿಲ್ವಾ? ಅದು ಹೋದರೆ ಹಾರ್ಮೋನೂ ಹೋಗುತ್ತೆ, ಪೀಡೇನೂ ಹೋಗುತ್ತೆ.”

ಮಗ ಒಪ್ಪಿದ. ಸೊಸೆ ಬೇಡ ಎನ್ನಲಿಲ್ಲ. ಸೂಟ್‌ಕೇಸಿನ ತಳದಲ್ಲಿ ಮಗಳ ತೊಟ್ಟಿಲ ಹೊದಿಕೆ ಇತ್ತು. ಅದನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಆಪರೇಷನ್ನಿಗೆ ಮುಂಚಿನ ಭಾನುವಾರ ಅದನ್ನು ತೆಗೆದು, ನೀರು ಚಿಮುಕಿಸಿ, ಇಸ್ತ್ರಿ ಮಾಡಿ, ಮತ್ತೆ ಒಳಗಿಟ್ಟಳು. ಮೇಜಿನಮ್ಮ ಅದನ್ನು ನೋಡಿದಳು.

ಅದೇ ಸಂಜೆ ಮೇಲಿನ ಮನೆಯ ನರ್ಸಮ್ಮ ಕೆಳಗೆ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಕೆಲಸ. ಬಿಳಿ ಕೋಟು ಇಸ್ತ್ರಿಗೆ ಕೊಡಲು ಬಂದವಳು ಸೊಸೆಯ ಮಣಿಕಟ್ಟಿನ ಸುಟ್ಟ ಗಾಯ ನೋಡಿ ಅಲ್ಲೇ ಕೂತಳು.

“ಏನಮ್ಮಾ ಇದು?”

“ಹಾರ್ಮೋನು,” ಎಂದಳು ಮೇಜಿನಮ್ಮ.

“ಹಾರ್ಮೋನು ಇಸ್ತ್ರಿಪೆಟ್ಟಿಗೇಲಿ ಸುಡುತ್ತಾ?”

ಸೊಸೆ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಳು. ಆಮೇಲೆ ತಾನಾಗಿ ಎಲ್ಲ ಹೇಳಿದಳು. ನರ್ಸಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು.

“ಯಾವಾಗ ಹೀಗಾಗುತ್ತೆ? ಕೂತಾಗಲಾ, ನಿಂತಾಗಲಾ?”

“ನಿಂತಾಗ. ಬಿಸಿಲಲ್ಲಿ, ಬಿಸಿನೀರಿನ ಸ್ನಾನದಲ್ಲಿ ಇನ್ನೂ ಜಾಸ್ತಿ. ಮಲಗಿದರೆ ಇಳಿಯುತ್ತೆ.”

“ಯಾವಾಗಿನಿಂದ?”

“ಆ ವಿಷಮ ಜ್ವರ ಬಂದು ಹೋಯ್ತಲ್ಲ, ಅಲ್ಲಿಂದ.”

ಮೇಜಿನಮ್ಮ ತಲೆಯೆತ್ತಿದಳು. ಜ್ವರದ ಮಾತನ್ನು ಯಾವ ಆಸ್ಪತ್ರೆಯಲ್ಲೂ ಯಾರೂ ಹೇಳಿರಲಿಲ್ಲ. ಹಾರ್ಮೋನ್ ಸಿಕ್ಕ ಮೇಲೆ ಬೇರೆ ಏನನ್ನೂ ಹುಡುಕಿರಲಿಲ್ಲ.

“ನಾಡಿ, ಬಿಪಿ ನೋಡಿದಾರಲ್ಲ? ನಿಲ್ಲಿಸಿ ನೋಡಿದಾರಾ?” ಎಂದು ಕೇಳಿದಳು ನರ್ಸಮ್ಮ.

“ನಿಲ್ಲಿಸೋದಾ!” ಮೇಜಿನಮ್ಮನಿಗೆ ರೇಗಿತು. “ನಾನೇನು ಕಟುಕಳಾ? ಎಲ್ಲಿಗೆ ಹೋದರೂ ಮೊದಲು ಜಗಳ ಆಡಿ ಮಂಚ ಕೊಡಿಸ್ತೀನಿ. ಮಲಗಿಸಿ, ನೀರು ಕುಡಿಸಿ, ಸುಧಾರಿಸಿದ ಮೇಲೇನೇ ಡಾಕ್ಟರನ್ನ ಕರೆಯೋದು. ಬೇಕಾದರೆ ಕೇಳು ಅವಳನ್ನ.”

“ಗೊತ್ತಮ್ಮಾ. ನಿಮ್ಮಂಥ ಅತ್ತೆ ಎಲ್ಲರಿಗೂ ಸಿಗಲ್ಲ. ಆದರೆ ಕಾಯಿಲೆ ಬರೋದು ನಿಂತಾಗ. ನೀವು ಅದನ್ನ ಮಲಗಿಸಿ, ಸಮಾಧಾನ ಮಾಡಿ, ಆಮೇಲೆ ಡಾಕ್ಟರಿಗೆ ತೋರಿಸ್ತೀರ. ಅವರಿಗೆ ಏನು ಕಾಣುತ್ತೆ?”

“ಅಂದ್ರೆ ತಪ್ಪು ನಂದಾ?”

“ತಪ್ಪಿನ ಮಾತಲ್ಲ. ಬಿದ್ದವರನ್ನ ಮಲಗಿಸಲೇಬೇಕು. ಪರೀಕ್ಷೆ ಬೇರೆ.”

“ನನ್ನ ಗರ್ಭಕೋಶ ತೆಗೆದ ಮೇಲೆ ನಾನು ಚೆನ್ನಾಗಾಗಲಿಲ್ವಾ?”

“ನಿಮಗೆ ಗಡ್ಡೆ ಇತ್ತು. ರಕ್ತ ಹೋಗ್ತಿತ್ತು. ಅದಕ್ಕೆ ತೆಗೆದರು. ಇವಳಿಗೆ ಸ್ಕ್ಯಾನಿಂಗಲ್ಲಿ ಏನಾದರೂ ಸಿಕ್ತಾ?”

“ಇಲ್ಲ.”

“ಮತ್ತೆ ಏನಂತ ತೆಗೀತಾರೆ? ಒಮ್ಮೆ ತೆಗೆದರೆ ತಿರುಗಿ ಹಾಕೋಕಾಗಲ್ಲಮ್ಮಾ.”

ಮೇಜಿನಮ್ಮ ಬಿಳಿ ಕೋಟನ್ನು ಕೊಡವಿ ನೋಡಿ, “ಕಾಲರು ಇನ್ನೊಂದು ಸಲ ಒಗೀಬೇಕಿತ್ತು,” ಎಂದಳು.

ಹೋಗುವಾಗ ನರ್ಸಮ್ಮ ಬಾಗಿಲಲ್ಲಿ ನಿಂತು, “ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ. ಡಾಕ್ಟ್ರಮ್ಮನಿಗೆ ನಾನು ಹೇಳಿರ್ತೀನಿ. ಆಪರೇಷನ್ ಓಡಿಹೋಗಲ್ಲ,” ಎಂದಳು.

“ನೋಡೋಣ,” ಎಂದಳು ಮೇಜಿನಮ್ಮ. ಅವಳ ಬಾಯಲ್ಲಿ ನೋಡೋಣ ಎಂದರೆ ಸಾಮಾನ್ಯವಾಗಿ ಇಲ್ಲ ಎಂದೇ ಅರ್ಥ. ಆದರೆ ಬೆಳಿಗ್ಗೆ ಅವಳೇ ಮೊದಲು ಚಪ್ಪಲಿ ಮೆಟ್ಟಿದಳು.

ದೊಡ್ಡಾಸ್ಪತ್ರೆಯ ಆ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಯ ಮೇಲೆ ಗಡಿಯಾರ. ಮಂಚದ ಹಾಸು ಒಂದು ಕಡೆ ಮುದುಡಿತ್ತು. ಮೇಜಿನಮ್ಮ ಅಭ್ಯಾಸಬಲದಿಂದ ಅದನ್ನು ಜಗ್ಗಿ ಸರಿಮಾಡಿದಳು. ಡಾಕ್ಟ್ರಮ್ಮ ಹಳೆಯ ವರದಿಗಳನ್ನು ನೋಡಿದರು. “ಈ ಪರೀಕ್ಷೆಗಳೆಲ್ಲ ಬೇಕಾದವೇ. ಮಾಡಿಸಿದ್ದು ಒಳ್ಳೇದಾಯ್ತು,” ಎಂದರು. ಸೊಸೆಯನ್ನು ಮಲಗಿಸಿದರು. ಸುಮ್ಮನೆ ಮಲಗಿರಲು ಹೇಳಿದರು. ಆಮೇಲೆ ನಾಡಿ, ಬಿಪಿ ನೋಡಿದರು.

“ಸರಿ ಇದೆ,” ಎಂದರು.

“ಎಲ್ಲರೂ ಅದನ್ನೇ ಹೇಳಿದ್ರು,” ಎಂದಳು ಮೇಜಿನಮ್ಮ.

“ಈಗ ಎದ್ದು ನಿಲ್ಲಮ್ಮ. ಗೋಡೆಗೆ ಒರಗಬೇಡ. ಕಾಲು ಆಡಿಸಬೇಡ. ನರ್ಸು ಹತ್ತಿರಾನೇ ಇರ್ತಾಳೆ. ಆಗಲ್ಲ ಅನ್ನಿಸಿದರೆ ಹೇಳು.”

ಸೊಸೆ ನಿಂತಳು. ತೋಳಿಗೆ ಬಿಪಿಯ ಪಟ್ಟಿ ಸುತ್ತಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಅವಳ ಪಾದಗಳ ಬಣ್ಣ ಬದಲಾಗತೊಡಗಿತು. ಕೆಂಪಗೆ, ಮತ್ತೆ ನೀಲಿಗೆ ತಿರುಗಿತು. ತುಟಿ ಒಣಗಿತು. ಹಣೆಯ ಮೇಲೆ ಬೆವರು ಬಂತು. ಕೈ ನಡುಗಿತು. ಈ ಎಲ್ಲವನ್ನೂ ಮೇಜಿನಮ್ಮ ನೂರು ಸಲ ನೋಡಿದ್ದಳು. ಪ್ರತಿ ಸಲವೂ ಇಷ್ಟರಲ್ಲಿ ಅವಳ ಕೈ ಸೊಸೆಯ ಕಂಕುಳಲ್ಲಿರುತ್ತಿತ್ತು. ಈಗಲೂ ಕೈ ಮುಂದೆ ಹೋಯಿತು.

“ಮುಟ್ಟಬೇಡಿ ಅತ್ತೆ,” ಎಂದಳು ಸೊಸೆ. ಹಲ್ಲು ಕಚ್ಚಿಕೊಂಡಿದ್ದಳು. “ನೇತುಹಾಕಿ ನೋಡ್ತಿದಾರೆ. ಸುಕ್ಕು ಕಾಣಲಿ.”

ಮೇಜಿನಮ್ಮ ಕೈ ಹಿಂದೆ ಎಳೆದುಕೊಂಡಳು. ಸೀರೆಯ ಸೆರಗನ್ನು ಎರಡು ಮುಷ್ಟಿಯಲ್ಲೂ ಹಿಡಿದುಕೊಂಡು ನಿಂತಳು. ಡಾಕ್ಟ್ರಮ್ಮ ಗಡಿಯಾರ ನೋಡುತ್ತ ನಾಡಿ ಬರೆದುಕೊಂಡರು.

“ಸಾಕು, ಮಲಗಿಸಿ,” ಎಂದರು ಡಾಕ್ಟ್ರಮ್ಮ. ಆಗ ಮೇಜಿನಮ್ಮನಷ್ಟು ಬೇಗ ಆ ಕೋಣೆಯಲ್ಲಿ ಯಾರೂ ಕದಲಲಿಲ್ಲ.

ಡಾಕ್ಟ್ರಮ್ಮ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡರು. “ಬಿಪಿ ಬೀಳಲಿಲ್ಲ. ಆದರೆ ನಾಡಿ ಕುದುರೆ ಹಾಗೆ ಓಡ್ತು. ನಿಂತು ಹತ್ತು ನಿಮಿಷದ ಒಳಗೆ ದೊಡ್ಡವರ ನಾಡಿ ನಿಮಿಷಕ್ಕೆ ಮೂವತ್ತು ಬಡಿತ, ಇಲ್ಲಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ಉಳಿದರೆ, ಜೊತೆಗೆ ಈ ತೊಂದರೆಗಳು ತಿಂಗಳುಗಟ್ಟಲೆ ಇದ್ದರೆ, ಬೇರೆ ಕಾರಣ ಇಲ್ಲದಿದ್ದರೆ, ಇದನ್ನ ಪಾಟ್ಸ್ ಅಂತೀವಿ. ಡಿಸ್‌ಆಟೊನೋಮಿಯಾ ಅನ್ನೋ ಗುಂಪಿನ ಕಾಯಿಲೆ.”

“ಹೆಸರು ಕೇಳಿದರೇ ತಲೆ ತಿರುಗುತ್ತೆ,” ಎಂದಳು ಮೇಜಿನಮ್ಮ.

“ಹೆಸರು ಬಿಡಿ. ನಾವು ಹೇಳದೇನೇ ಮೈಯಲ್ಲಿ ನಡೆಯೋ ಕೆಲಸ ಇದಾವಲ್ಲ, ಎದೆ ಬಡಿಯೋದು, ಬೆವರೋದು, ನಿಂತಾಗ ರಕ್ತನಾಳ ಬಿಗಿ ಮಾಡಿ ರಕ್ತಾನ ಮೇಲಕ್ಕೆ ಕಳಿಸೋದು, ಅವನ್ನೆಲ್ಲ ನೋಡ್ಕೊಳ್ಳೋ ನರಗಳಿವೆ. ಇವಳಲ್ಲಿ ಆ ನರಗಳ ಲೆಕ್ಕ ತಪ್ಪಿದೆ. ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತೆ. ಅದನ್ನ ಮೇಲಕ್ಕೆತ್ತೋಕೆ ಎದೆ ಓಡುತ್ತೆ. ಜ್ವರ ಬಂದು ಹೋದ ಮೇಲೆ ಕೆಲವರಿಗೆ ಹೀಗಾಗೋದುಂಟು. ನಾಟಕ ಅಲ್ಲ, ಹೆದರಿಕೇನೂ ಅಲ್ಲ.”

ಸೊಸೆ ಕಣ್ಣು ಮುಚ್ಚಿಕೊಂಡಳು. ನಾಟಕ ಅಲ್ಲ ಎಂಬ ಮಾತನ್ನು ಅವಳು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

“ಮತ್ತೆ ಮುಟ್ಟಿಗೆ ಮುಂಚೆ ಯಾಕೆ ಜಾಸ್ತಿ?” ಎಂದಳು ಮೇಜಿನಮ್ಮ. ಹಾರ್ಮೋನನ್ನು ಅಷ್ಟು ಸುಲಭಕ್ಕೆ ಬಿಡುವವಳಲ್ಲ.

“ಅದೂ ನಿಜಾನೇ. ಇವಳು ಗಮನಿಸಿದ್ದು ಸುಳ್ಳಲ್ಲ. ಆ ದಿನಗಳಲ್ಲಿ ಹಾರ್ಮೋನ್ ಏರಿಳಿದಾಗ ಮೈಯಲ್ಲಿನ ನೀರು, ರಕ್ತನಾಳದ ಬಿಗಿ ಎರಡೂ ಬದಲಾಗುತ್ತೆ. ಮೊದಲೇ ಅಲ್ಲಾಡ್ತಿರೋ ದೀಪಕ್ಕೆ ಗಾಳಿ ಬೀಸಿದ ಹಾಗೆ. ಗಾಳಿ ಬರುತ್ತೆ ಅಂತ ಗೋಡೆ ಕೆಡವಿಸ್ತೀರಾ? ಗರ್ಭಕೋಶ ತೆಗೆದರೆ ಈ ನರಗಳು ಸರಿಹೋಗಲ್ಲ.”

“ವಾಸಿ ಆಗುತ್ತಾ?”

“ಕೆಲವರಿಗೆ ನಿಧಾನಕ್ಕೆ ಬಹಳ ಕಡಿಮೆ ಆಗುತ್ತೆ. ಕೆಲವರಿಗೆ ಇದ್ದೇ ಇರುತ್ತೆ, ಜೊತೇಲಿ ಬಾಳೋದು ಕಲೀಬೇಕು. ಸುಳ್ಳು ಭರವಸೆ ಕೊಡಲ್ಲ.”

ಆಮೇಲೆ ಡಾಕ್ಟ್ರಮ್ಮ ಕಲಿಯಬೇಕಾದದ್ದನ್ನು ಹೇಳಿದರು. ದಿನವಿಡೀ ನೀರು ಕುಡಿಯಬೇಕು. ಇವಳ ಬಿಪಿ, ಮೂತ್ರಪಿಂಡ ಎರಡೂ ಸರಿ ಇರುವುದರಿಂದ ಉಪ್ಪು ಸ್ವಲ್ಪ ಹೆಚ್ಚಾಗಲಿ. ಇದು ಇವಳಿಗೆ ಹೇಳಿದ್ದು, ಮನೆಮಂದಿಗೆಲ್ಲ ಅಲ್ಲ. ಹಾಸಿಗೆಯಿಂದ ದಡಕ್ಕನೆ ಏಳಬಾರದು. ಕಾಲಿಂದ ಸೊಂಟದವರೆಗೆ ಬಿಗಿಯುವ ಕಾಲುಚೀಲ ಹಾಕಬೇಕು. ಮಲಗಿಯೋ ಕೂತೋ ಮಾಡುವ ವ್ಯಾಯಾಮವನ್ನು ಸ್ವಲ್ಪಸ್ವಲ್ಪವೇ ಶುರು ಮಾಡಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಔಷಧಿ ಇದೆ.

“ಕೆಲಸ?” ಎಂದಳು ಸೊಸೆ.

“ಕೂತು ಮಾಡೋ ಹಾಗಿದ್ದರೆ ಮಾಡು.”

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಇಸ್ತ್ರಿ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಮೇಜಿನ ಹತ್ತಿರ ನೀರೂ ಇಡುವುದಿಲ್ಲ. ಚೆಲ್ಲಿದರೆ ಗಂಜಿ ಹಾಕಿದ ಬಟ್ಟೆಯಲ್ಲಿ ಕಲೆ ಕೂರುತ್ತದೆ. ಶೌಚಾಲಯ ಅಂಗಳದಾಚೆ, ಅದರ ಬೀಗದ ಕೈ ಮಾಲೀಕನ ಹತ್ತಿರ. ಕೇಳಲು ನಾಚಿಕೊಂಡು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದು ಕೆಲಸದ ಶಿಸ್ತು ಎಂದು ಹೊಸಬರಿಗೆ ಕಲಿಸಿದವಳೂ ಮೇಜಿನಮ್ಮನೇ.

ಮರುದಿನ ಅವಳು ಮಾಲೀಕನ ಬಾಗಿಲಿಗೆ ಹೋದಳು. ಒಳಗೆ ಕಾಲಿಟ್ಟಳು.

“ನನ್ನ ಸೊಸೆಗೆ ಒಂದು ಎತ್ತರದ ಸ್ಟೂಲು ಬೇಕು. ಬಾಯ್ಲರ್ ಗೋಡೆಯಿಂದ ದೂರ, ಕಿಟಕಿ ಪಕ್ಕ ಜಾಗ ಬೇಕು. ಗವಸು, ಟವೆಲ್ಲು ಅವಳು ಕೂತು ಮಾಡ್ತಾಳೆ. ಶೀಟು ಜಗ್ಗೋಕೆ ಮಡಚೋಳು ಬರಲಿ, ಬರೀ ಬಾಯಿಗೆ ಕೆಲಸ ಕೊಟ್ಟಿದಾಳೆ.”

“ಕೂತು ಇಸ್ತ್ರಿನಾ? ಎಲ್ಲಾದರೂ ಉಂಟಾ?”

“ಬಟ್ಟೆಗೆ ಗೊತ್ತಾಗುತ್ತಾ ಯಜಮಾನ್ರೇ, ಕೂತು ಮಾಡಿದ್ದೋ ನಿಂತು ಮಾಡಿದ್ದೋ? ನೇತುಹಾಕಿ ತೋರಿಸ್ತೀನಿ. ಒಂದು ಸುಕ್ಕು ಕಂಡರೆ ನಾವಿಬ್ಬರೂ ಮನೆಗೆ.”

ಮಾಲೀಕ ಲೆಕ್ಕ ಹಾಕಿದ. ಮೇಜಿನಮ್ಮ ಇಲ್ಲದ ಮೇಜು ಅವನ ಕಣ್ಣ ಮುಂದೆ ಬಂದಿರಬೇಕು. “ಆಯ್ತು, ನೋಡೋಣ,” ಎಂದ.

“ಶೌಚಾಲಯದ ಬೀಗದ ಕೈ ಇನ್ಮೇಲೆ ನಮ್ಮ ಕೋಣೇಲಿ ಮೊಳೆಗೆ ತೂಗಾಡುತ್ತೆ,” ಎಂದು ಹೇಳಿ, ಅದನ್ನೂ ಎತ್ತಿಕೊಂಡು ಬಂದಳು.

ನರ್ಸಿಂಗ್ ಹೋಮಿಗೆ ಅವಳೇ ಹೋಗಿ, ಆಪರೇಷನ್ ಬೇಡ ಎಂದು ಹೇಳಿ ಬಂದಳು. ಪುಡಿಯ ಡಬ್ಬಿಯನ್ನೂ ಉಳಿದ ಮಾತ್ರೆಯನ್ನೂ ಮಗನ ಕೈಗೆ ಕೊಟ್ಟು, “ಇದನ್ನ ನಿನಗೆ ಯಾರು ಹೇಳಿದ್ರೋ ಅವರಿಗೇ ತಿನ್ನಿಸು,” ಎಂದಳು.

ಈಗಲೂ ಸೊಸೆಗೆ ಕೆಟ್ಟ ದಿನಗಳಿವೆ. ಮುಟ್ಟಿಗೆ ಮುಂಚೆ ಅವಳು ಬೆಳಗಿನ ಸರದಿ ಬಿಡುತ್ತಾಳೆ. ಒಮ್ಮೆ ಸ್ಟೂಲಿನಿಂದ ಏಳುವಾಗ ಮತ್ತೆ ಕಣ್ಣು ಕತ್ತಲಾಯಿತು. ತಾನಾಗಿ ನೆಲಕ್ಕೆ ಕೂತು ಮಲಗಿ, ಕಾಲುಗಳನ್ನು ಬಟ್ಟೆಯ ಗಂಟಿನ ಮೇಲೆ ಎತ್ತಿಟ್ಟುಕೊಂಡಳು. ಪೆಟ್ಟಿಗೆಯನ್ನು ಮಡಚುವವಳು ಎತ್ತಿಟ್ಟಳು. ಆದರೆ ಮೊದಲು ನೀರಿನ ಬಾಟಲಿ ತಂದುಕೊಟ್ಟು, ಆಮೇಲೆ.

ತೊಟ್ಟಿಲ ಹೊದಿಕೆ ಸೂಟ್‌ಕೇಸಿನಲ್ಲೇ ಇದೆ. ಅದು ಬೇಕಾಗುತ್ತದೋ ಇಲ್ಲವೋ, ಅದನ್ನು ತೀರ್ಮಾನಿಸುವವಳು ಈಗ ಸೊಸೆಯೇ.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅತ್ತೆಯಂದಿರೇ, ಗಂಡಂದಿರೇ, ನಿಮ್ಮ ಮನೆಯಲ್ಲೂ ನಿಂತರೆ ಕಣ್ಣು ಕತ್ತಲಾಗುವವರು, ಮಲಗಿದರೆ ಸುಧಾರಿಸುವವರು ಇರಬಹುದು. ಬಿದ್ದಾಗ ಮಲಗಿಸಿ, ಕಾಲು ಮೇಲೆತ್ತಿ, ಅದರಲ್ಲಿ ತಪ್ಪಿಲ್ಲ. ರಕ್ತ, ಥೈರಾಯ್ಡ್, ಸಕ್ಕರೆ, ಹೃದಯ ಎಲ್ಲವನ್ನೂ ನೋಡಿಸಿ. ಅವೆಲ್ಲ ಸರಿ ಎಂದು ಬಂದ ಮೇಲೂ ತೊಂದರೆ ಉಳಿದರೆ, “ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನಾಡಿ, ಬಿಪಿ ನೋಡಿ,” ಎಂದು ವೈದ್ಯರನ್ನು ಕೇಳಿ. ಈ ಪರೀಕ್ಷೆಯನ್ನು ಮನೆಯಲ್ಲಿ ಒಂಟಿಯಾಗಿ ಮಾಡಬೇಡಿ. ಎದೆನೋವು ಬಂದರೆ, ಓಡುವಾಗ, ದುಡಿಯುವಾಗ ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮುಟ್ಟಿನ ದಿನಗಳಲ್ಲಿ ಹೆಚ್ಚಾಗುತ್ತದೆ ಎಂದರೆ ಅದನ್ನೂ ಹೇಳಿ, ಆದರೆ ಹಾರ್ಮೋನ್ ಹೆಸರಿನ ಪುಡಿ, ಮಾತ್ರೆಗಳನ್ನು ನೀವೇ ನುಂಗಬೇಡಿ. ವೈದ್ಯರು ಹೇಳದೆ ಉಪ್ಪು ಹೆಚ್ಚಿಸಬೇಡಿ. ಗರ್ಭಕೋಶ ತೆಗೆಸಿ ಎಂದು ಯಾರಾದರೂ ಹೇಳಿದರೆ, ಯಾಕೆ ಎಂದು ಕೇಳಿ. ಇನ್ನೊಬ್ಬ ವೈದ್ಯರನ್ನೂ ಕೇಳಿ.

ಎಲ್ಲ ಸರಿ ಇದೆ ಎಂದು ವರದಿ ಬಂದಾಗ ಅವಳನ್ನು ನಂಬುವುದನ್ನು ಮಾತ್ರ ನಿಲ್ಲಿಸಬೇಡಿ. ಮೇಜಿನ ಮೇಲೆ ಎಲ್ಲ ಬಟ್ಟೆಯೂ ಸಾಧುವೇ.